ಜಾಮೀನಿನ ಮಾತು, ಲೆಕ್ಕದ ಪುಸ್ತಕ

ಕಿಂಗ್‌ಫಿಷರ್ ವಿಮಾನ ಕಂಪೆನಿಯಲ್ಲಿ ದುಡಿದು ಸಂಬಳ ಕಾಣದೆ ಹೋದ ನೌಕರರ ಬಾಕಿಗೆಂದು ಸುಮಾರು 312 ಕೋಟಿ ರೂಪಾಯಿಗಳನ್ನು ಕರ್ನಾಟಕ ಹೈಕೋರ್ಟಿಗೆ ಸೇರಿದ ಅಧಿಕೃತ ಲಿಕ್ವಿಡೇಟರ ವಶಕ್ಕೆ ಕೊಡಬೇಕೆಂದು 2025ರ ಡಿಸೆಂಬರಿನಲ್ಲಿ ಆಜ್ಞೆಯಾದುದನ್ನು ನಮ್ಮ ವಾಚಕರು ಬಲ್ಲರು. ಆ ಕಂಪೆನಿಯ ವಿಮಾನಗಳು ಹಾರಾಟವನ್ನು ನಿಲ್ಲಿಸಿದುದು 2012ರ ಅಕ್ಟೋಬರಿನಲ್ಲಿ. ಆ ವರ್ಷ ತೊಟ್ಟಿಲಲ್ಲಿದ್ದ ಕೂಸು ಈಗ ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತಿದೆ. ದುಡಿದವನ ಕೂಲಿಯು ಅವನ ಮನೆಯ ದಾರಿಯನ್ನು ಹಿಡಿಯುವುದಕ್ಕೆ ಇಷ್ಟು ಕಾಲ ಬೇಕಾಯಿತೇಕೆಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಈ ವಿಳಂಬಕ್ಕೆ ಕಾರಣಗಳು ಹಲವುಂಟು. ಅವುಗಳಲ್ಲೆಲ್ಲ ಮುಖ್ಯವಾದುದು, ಒಂದು ಕಂಪೆನಿಯ ಸಾಲಕ್ಕೆ ಮತ್ತೊಂದು ಕಂಪೆನಿಯು ಎಷ್ಟರಮಟ್ಟಿಗೆ ಹೊಣೆ ಎಂಬ ವ್ಯಾಜ್ಯ. ಆ ವ್ಯಾಜ್ಯವನ್ನು ಪುನಃ ಕೆದಕಲು ನಮ್ಮ ಉಚ್ಚ ನ್ಯಾಯಾಲಯಗಳು ನಿರಾಕರಿಸಿದುದು ಸರಿಯೆಂಬುದೇ ನಮ್ಮ ಅಭಿಪ್ರಾಯ. ಆದರೆ ವ್ಯಾಜ್ಯ ಮುಗಿದ ಮಾತ್ರಕ್ಕೆ ಕರ್ತವ್ಯವೂ ಮುಗಿಯಿತೆಂದು ಬ್ಯಾಂಕುಗಳವರೂ ಸರ್ಕಾರದವರೂ ಭಾವಿಸುವುದಾದರೆ ಅದನ್ನು ನಾವು ಒಪ್ಪಲಾರೆವು.

ಸಂಗತಿಗಳನ್ನು ಮೊದಲು ನೆನಪಿಗೆ ತಂದುಕೊಳ್ಳುವುದು ಲೇಸು. ಬೆಂಗಳೂರಿನಲ್ಲಿ ತನ್ನ ನೋಂದಾಯಿತ ಕಚೇರಿಯನ್ನಿಟ್ಟುಕೊಂಡಿದ್ದ ಕಿಂಗ್‌ಫಿಷರ್ ಕಂಪೆನಿಯು 2005ರ ಮೇ ತಿಂಗಳಲ್ಲಿ ವಿಮಾನ ಸಂಚಾರವನ್ನು ಆರಂಭಿಸಿತು. ಸಾಲದ ಹೊರೆ ಬೆಳೆದು, 2010ರ ಡಿಸೆಂಬರಿನಲ್ಲಿ ಬ್ಯಾಂಕುಗಳೊಡನೆ ಸಾಲವನ್ನು ಪುನರ್ವ್ಯವಸ್ಥೆಗೊಳಿಸುವ ಕರಾರು ಆಯಿತು. ಆಗ ಶ್ರೀ ವಿಜಯ ಮಲ್ಯ ಅವರು ಸ್ವಂತ ಜಾಮೀನನ್ನೂ, ಅವರ ವ್ಯವಹಾರಗಳ ಮಾತೃಸಂಸ್ಥೆಯಾದ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಕಂಪೆನಿಯು ತನ್ನ ಜಾಮೀನನ್ನೂ ಬರೆದುಕೊಟ್ಟುವು. ಹಣ ಕೊಟ್ಟವರ ಪಟ್ಟಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯವು ಮೊದಲನೆಯದು. ಕನ್ನಡಿಗರು ತಮ್ಮವೆಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದ ಎರಡು ಬ್ಯಾಂಕುಗಳ ಹೆಸರೂ ಅದರಲ್ಲಿತ್ತು. 1913ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಹುಟ್ಟಿದ ಬ್ಯಾಂಕೇ ಬೆಳೆದು ಆದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಒಂದು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ಮತ್ತೊಂದು. ಈ ಎರಡೂ ಇಂದು ತಮ್ಮ ಹೆಸರಿನಲ್ಲಿ ಉಳಿದಿಲ್ಲ. ಮೊದಲನೆಯದು 2017ರಲ್ಲಿಯೂ ಎರಡನೆಯದು 2020ರಲ್ಲಿಯೂ ದೊಡ್ಡ ಬ್ಯಾಂಕುಗಳಲ್ಲಿ ಲೀನವಾದುವು.

ವಿಮಾನಗಳು ನಿಂತ ಮೇಲೆ ಸಾಲಗಾರರು ಕೋರ್ಟಿಗೆ ಹೋದರು. ವಿಮಾನಗಳನ್ನು ಬಾಡಿಗೆಗೆ ಕೊಟ್ಟವರು, ಯಂತ್ರಗಳನ್ನು ಒದಗಿಸಿದವರು, ಬ್ಯಾಂಕುಗಳು, ಎಲ್ಲರೂ ಮಾತೃಸಂಸ್ಥೆಯ ಜಾಮೀನನ್ನು ಮುಂದಿಟ್ಟರು. ಕರ್ನಾಟಕ ಹೈಕೋರ್ಟು 2016ರ ನವೆಂಬರಿನಲ್ಲಿ ವಿಮಾನ ಕಂಪೆನಿಯನ್ನೂ, 2017ರ ಫೆಬ್ರವರಿ 7ರಂದು ಮಾತೃಸಂಸ್ಥೆಯನ್ನೂ ಮುಚ್ಚಿ ಆಸ್ತಿಯನ್ನು ವಿಲೇವಾರಿ ಮಾಡುವಂತೆ ಆಜ್ಞಾಪಿಸಿತು. ಅದರ ಮೇಲಣ ಮನವಿಯನ್ನು ಅದೇ ಹೈಕೋರ್ಟಿನ ವಿಭಾಗೀಯ ಪೀಠವು 2020ರ ಮಾರ್ಚಿಯಲ್ಲಿ ವಜಾ ಮಾಡಿತು. ಅಲ್ಲಿಂದ ದೆಹಲಿಗೆ ಹೋದ ಮನವಿಯನ್ನು ನ್ಯಾಯಮೂರ್ತಿ ಯು. ಯು. ಲಲಿತ್ ಅವರ ನೇತೃತ್ವದ ಸುಪ್ರೀಂ ಕೋರ್ಟು ಪೀಠವು 2020ರ ಅಕ್ಟೋಬರ್ 26ರಂದು ತಳ್ಳಿಹಾಕಿತು. ಅಲ್ಲಿಗೆ ಹೊಣೆಯ ಪ್ರಶ್ನೆಯು ಇತ್ಯರ್ಥವಾಯಿತು.

ಈ ತೀರ್ಮಾನದ ಅರ್ಥವನ್ನು ತಿಳಿಯಲು ನಾವು ವಾಚಕರನ್ನು ಬೆಂಗಳೂರಿನ ಉತ್ತರ ದಿಕ್ಕಿಗೆ, ಹೆಸರುಘಟ್ಟದ ದಾರಿಯಲ್ಲಿರುವ ಸೋಲದೇವನಹಳ್ಳಿಗೆ ಕರೆದೊಯ್ಯಬಯಸುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರುಘಟ್ಟದ ಕೆರೆಯ ನೀರು ಕಾಲುವೆಯಲ್ಲಿ ಹರಿದು ಸೋಲದೇವನಹಳ್ಳಿಗೆ ಬಂದು, ಅಲ್ಲಿನ ಯಂತ್ರಶಾಲೆಯಲ್ಲಿ ಉಗಿಯ ಬಲದಿಂದ ಮೇಲೇರಿ, ಬೆಂಗಳೂರು ನಗರದ ಬಾಯಾರಿಕೆಯನ್ನು ಹಿಂಗಿಸುತ್ತಿತ್ತು. ಈಗ ಆ ಸುತ್ತಿನಲ್ಲಿ ಕಾಲೇಜುಗಳು, ಬಡಾವಣೆಗಳು ಎದ್ದಿವೆ. ಸಮೀಪದ ಪೀಣ್ಯದ ಕಾರ್ಖಾನೆಗಳಿಗೆ ಹೋಗಿಬರುವ ಸಂಬಳಗಾರರು ನೆಲಸಿದ್ದಾರೆ. ಹಿಂದೆ ನೀರು ಹಳ್ಳಿಯಿಂದ ನಗರಕ್ಕೆ ಹೋಗುತ್ತಿದ್ದಂತೆ, ಇಂದು ಇಂತಹ ಊರುಗಳ ಠೇವಣಿಯ ಹಣವು ಬ್ಯಾಂಕುಗಳ ಮೂಲಕ ನಗರದ ದೊಡ್ಡ ಉದ್ಯಮಗಳಿಗೆ ಹರಿದು ಹೋಗುತ್ತದೆ. ನಿವೃತ್ತ ಗುಮಾಸ್ತೆಯ ಗ್ರಾಚ್ಯುಯಿಟಿಯೂ, ಜಮೀನು ಮಾರಿದ ರೈತನ ದುಡ್ಡೂ, ಹೆಣ್ಣುಮಕ್ಕಳು ಕೂಡಿಟ್ಟ ಪುಡಿಕಾಸೂ ಸೇರಿಯೇ ಬ್ಯಾಂಕಿನ ಬಂಡವಾಳವಾಗುವುದು.

ಇಂತಹ ಊರಿನಲ್ಲಿ ಮಗನ ಓದಿಗೆಂದು ತಂದೆಯು, ಭಾವಮೈದುನನ ಅಂಗಡಿಗೆಂದು ಅಕ್ಕನ ಗಂಡನು ಸಾಲಪತ್ರಕ್ಕೆ ರುಜು ಹಾಕುತ್ತಾನೆ. ತಾನು ಒಂದು ಕಾಸನ್ನೂ ಮುಟ್ಟಿರುವುದಿಲ್ಲ. ಆದರೂ ಸಾಲ ತೆಗೆದುಕೊಂಡವನು ತಪ್ಪಿದರೆ ನೋಟೀಸು ಜಾಮೀನುದಾರನ ಮನೆ ಬಾಗಿಲಿಗೆ ಬರುತ್ತದೆ. "ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಬಳಿಗೆ ಬನ್ನಿ" ಎಂದು ಅವನು ಹೇಳುವಂತಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮು ಸ್ಪಷ್ಟವಾಗಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ ಜಾಮೀನುದಾರನ ಹೊಣೆಯು ಮೂಲ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಇನ್ನು ಮನೆಯನ್ನು ಒತ್ತೆಯಿಟ್ಟಿದ್ದರೆ 2002ರ ಕಾಯಿದೆಯ ಪ್ರಕಾರ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಕೋರ್ಟಿನ ತೀರ್ಪಿಗೆ ಕಾಯದೆಯೇ, ಆ ಮನೆಯನ್ನು ಸ್ವಾಧೀನಪಡಿಸಿಕೊಳ್ಳುವ ಕ್ರಮಕ್ಕೆ ತೊಡಗಬಹುದು. ಕಠಿಣವಾದ ನಿಯಮವೇ ಸರಿ. ಆದರೆ ಕೊಟ್ಟ ಮಾತಿಗೆ ಬೆಲೆಯಿಲ್ಲದ ಕಡೆ ಸಾಲವೂ ಹುಟ್ಟುವುದಿಲ್ಲ, ವ್ಯಾಪಾರವೂ ಬೆಳೆಯುವುದಿಲ್ಲ ಎಂಬುದನ್ನು ಅರಿತೇ ನಮ್ಮ ಜನ ಅದಕ್ಕೆ ತಲೆಬಾಗಿದ್ದಾರೆ.

ಸೋಲದೇವನಹಳ್ಳಿಯ ಜಾಮೀನುದಾರನಿಗೆ ಒಂದು ನ್ಯಾಯ, ವಿಠಲ ಮಲ್ಯ ರಸ್ತೆಯ ಗೋಪುರದಲ್ಲಿ ಕುಳಿತ ಜಾಮೀನುದಾರನಿಗೆ ಇನ್ನೊಂದು ನ್ಯಾಯ ಇರಬಹುದೆ? ಈ ವ್ಯಾಜ್ಯದ ತಿರುಳು ಇಷ್ಟೇ. ಇರಕೂಡದೆಂದು ಹೈಕೋರ್ಟು ಹೇಳಿತು. ಸುಪ್ರೀಂ ಕೋರ್ಟು ಆ ಮಾತನ್ನು ಕದಲಿಸಲು ಒಪ್ಪಲಿಲ್ಲ.

ಪ್ರತಿಪಕ್ಷದ ವಾದವನ್ನು ಕಡೆಗಣಿಸುವುದು ನಮ್ಮ ಪದ್ಧತಿಯಲ್ಲ. ಕಂಪೆನಿಗಳ ಹೊಣೆಗೆ ಮಿತಿಯಿರಬೇಕೆಂಬ ತತ್ತ್ವವು ಪ್ರಪಂಚದ ವಾಣಿಜ್ಯಕ್ಕೆಲ್ಲ ಆಧಾರವಾದುದು. 1897ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ಸಾಲೊಮನ್ ಎಂಬ ಚರ್ಮದ ವ್ಯಾಪಾರಿಯ ಮೊಕದ್ದಮೆಯಲ್ಲಿ, ಕಂಪೆನಿಯೇ ಬೇರೆ, ಅದರ ಒಡೆಯನೇ ಬೇರೆ, ಒಂದರ ಸಾಲಕ್ಕೆ ಇನ್ನೊಬ್ಬನನ್ನು ಹಿಡಿಯಕೂಡದೆಂದು ತೀರ್ಪಿತ್ತಿತು. ಈ ಬೇಲಿಯಿಲ್ಲದಿದ್ದರೆ ಸಾಮಾನ್ಯನು ಷೇರು ಕೊಳ್ಳಲು ಹೆದರುತ್ತಿದ್ದನು. ಹೊಸ ಉದ್ಯಮವೂ ಹುಟ್ಟುತ್ತಿರಲಿಲ್ಲ. ಮಾಡಿದ ವ್ಯಾಪಾರದಲ್ಲಿ ನಷ್ಟವಾಗುವುದು ಅಪರಾಧವಲ್ಲ. ಎಣ್ಣೆಯ ಬೆಲೆಯೇರಿ, ಪ್ರಯಾಣಿಕರಿಗಾಗಿ ಪೈಪೋಟಿ ಮಿತಿಮೀರಿ ಮುಳುಗಿದ ವಿಮಾನ ಕಂಪೆನಿಗಳು ಅನ್ಯ ದೇಶಗಳಲ್ಲಿಯೂ ಬೇಕಾದಷ್ಟಿವೆ. ಇವೆಲ್ಲವೂ ನಿಜ. ಆದರೆ ಇಲ್ಲಿ ಆ ಬೇಲಿಯನ್ನು ಕೋರ್ಟು ಮುರಿಯಲಿಲ್ಲ. ಮಾತೃಸಂಸ್ಥೆಯೇ ಜಾಮೀನುಪತ್ರಕ್ಕೆ ರುಜು ಹಾಕಿ ಅದನ್ನು ತೆರೆದಿಟ್ಟಿತು. ಆ ರುಜುವನ್ನು ನಂಬಿಯೇ ಸಾಲಕ್ಕೆ ಕಾಲಾವಕಾಶ ದೊರೆಯಿತು, ವಿಮಾನಗಳು ಬಾಡಿಗೆಗೆ ಬಂದುವು. ಲಾಭದ ಹಂಬಲದಲ್ಲಿ ತೆರೆದ ಬೇಲಿಯನ್ನು ನಷ್ಟದ ದಿನ ಮುಚ್ಚಿಕೊಳ್ಳಲು ಬರುವುದಿಲ್ಲ.

ತನ್ನ ಆಸ್ತಿಯ ಮೌಲ್ಯವು ಸಾಲಕ್ಕಿಂತ ಹೆಚ್ಚಾಗಿದೆ, ಅದನ್ನು ಸರ್ಕಾರದ ಇಲಾಖೆಯು ಜಪ್ತಿ ಮಾಡಿರುವುದರಿಂದ ಕೈಕಟ್ಟಿದಂತಾಗಿದೆ, ಆದುದರಿಂದ ಕಂಪೆನಿಯನ್ನು ಮುಚ್ಚಬೇಕಾಗಿಲ್ಲ ಎಂಬುದು ಮಾತೃಸಂಸ್ಥೆಯ ಮತ್ತೊಂದು ವಾದವಾಗಿತ್ತು. ಇದು ಆಲೋಚನೆಗೆ ಅರ್ಹವಾದ ವಾದವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾಲವನ್ನು ತೀರಿಸುವುದಕ್ಕೆ ಕಾಗದದ ಮೇಲಣ ಆಸ್ತಿ ಸಾಲದು. ಕೇಳಿದ ದಿನ ಕೊಡುವ ಸಾಮರ್ಥ್ಯವಿರಬೇಕು. ಅಲ್ಲದೆ ಮಾತೃಸಂಸ್ಥೆಯ ಮಾಲಿಕರು 2016ರ ಮಾರ್ಚಿ 2ರಂದು ದೇಶವನ್ನು ಬಿಟ್ಟವರು ಇಲ್ಲಿನ ಕೋರ್ಟಿನೆದುರು ಬಂದು ನಿಲ್ಲಲೇ ಇಲ್ಲ. ಕೋರ್ಟಿನ ಆಜ್ಞೆಗೆ ವಿರುದ್ಧವಾಗಿ 4 ಕೋಟಿ ಡಾಲರುಗಳನ್ನು ತಮ್ಮ ಮಕ್ಕಳ ಹೆಸರಿಗೆ ವರ್ಗಾಯಿಸಿದ ನಿಂದನೆಯ ಅಪರಾಧಕ್ಕಾಗಿ ಸುಪ್ರೀಂ ಕೋರ್ಟು 2022ರ ಜುಲೈ 11ರಂದು ಅವರಿಗೆ ನಾಲ್ಕು ತಿಂಗಳ ಶಿಕ್ಷೆಯನ್ನೂ 2,000 ರೂಪಾಯಿ ದಂಡವನ್ನೂ ವಿಧಿಸಿತು. ಅವರ ಮೇಲಣ ಇತರ ಆರೋಪಗಳ ವಿಚಾರಣೆಯು ನ್ಯಾಯಾಧೀಶರ ಕೆಲಸ. ಅದರಲ್ಲಿ ನಾವು ಮುಂಚಿತವಾಗಿ ತೀರ್ಪು ಕೊಡಹೊರಡುವುದಿಲ್ಲ. ಇಲ್ಲಿ ನಮ್ಮ ವಿಚಾರವು ಹೊಣೆಯದು ಮಾತ್ರ.

ವ್ಯಾಜ್ಯಕ್ಕೆ ಒಂದು ಕೊನೆಯಿರಬೇಕೆಂಬುದು ನ್ಯಾಯಶಾಸ್ತ್ರದ ಹಳೆಯ ಸೂತ್ರ. ಸೋತವನಿಗೆ ತೀರ್ಪು ಒಪ್ಪಿಗೆಯಾಗಲಿಲ್ಲವೆಂದ ಮಾತ್ರಕ್ಕೆ ಕೋರ್ಟು ತನ್ನ ತೀರ್ಪನ್ನು ಮತ್ತೆ ತಿರುವಿಹಾಕಲಾರದು. ಕಡತದಲ್ಲಿ ಎದ್ದು ಕಾಣುವ ತಪ್ಪಿರಬೇಕು, ಇಲ್ಲವೆ ಹಿಂದೆ ದೊರೆಯದಿದ್ದ ಮಹತ್ತ್ವದ ಸಾಕ್ಷ್ಯವು ಹೊಸದಾಗಿ ದೊರೆತಿರಬೇಕು. ಈ ನಿಯಮವಿಲ್ಲದಿದ್ದರೆ ಹಣವುಳ್ಳವನು ವಕೀಲರನ್ನು ಬದಲಾಯಿಸುತ್ತ ಒಂದೇ ಮೊಕದ್ದಮೆಯನ್ನು ಮೊಮ್ಮಕ್ಕಳ ಕಾಲದವರೆಗೂ ನಡೆಸಬಲ್ಲನು. ಬಡವನಿಗೆ ಗೆದ್ದರೂ ಸೋಲೇ.

ಆದರೆ ಆ ಕೊನೆಯನ್ನು ಮುಟ್ಟುವುದಕ್ಕೆ ಹಿಡಿದ ಕಾಲವನ್ನು ನೆನೆದರೆ ಯಾರೂ ಸಮಾಧಾನ ತಾಳಲಾರರು. ಮೇಲೆ ಹೇಳಿದ ನಿಂದನೆಯ ಮೊಕದ್ದಮೆಯನ್ನೇ ನೋಡೋಣ. 2017ರ ಮೇ ತಿಂಗಳಲ್ಲಿ ಅಪರಾಧಿಯೆಂದು ತೀರ್ಮಾನವಾದ ಮೇಲೆ ಸಲ್ಲಿಸಿದ ಪುನರ್ವಿಮರ್ಶೆಯ ಅರ್ಜಿಯು ಮೂರು ವರ್ಷ ನ್ಯಾಯಮೂರ್ತಿಗಳ ಮುಂದೆ ಬರಲೇ ಇಲ್ಲ. 2020ರ ಜೂನ್ ತಿಂಗಳಲ್ಲಿ ನ್ಯಾಯಮೂರ್ತಿಗಳೇ ಆಶ್ಚರ್ಯಪಟ್ಟು, ಈ ಕಡತವು ಯಾವ ಯಾವ ಅಧಿಕಾರಿಗಳ ಕೈಯಲ್ಲಿತ್ತೆಂದು ವಿವರವನ್ನು ಕೇಳಬೇಕಾಯಿತು. ಆಗಸ್ಟಿನಲ್ಲಿ ವಿಚಾರಣೆಗೆ ಬಂದಾಗ ಕಡತದಲ್ಲಿ ಒಂದು ಕಾಗದವೇ ಸಿಕ್ಕದೆ ದಿನವನ್ನು ಮುಂದಕ್ಕೆ ಹಾಕಲಾಯಿತು. ಕೊನೆಗೆ ಅದೇ ತಿಂಗಳ 31ರಂದು ಅರ್ಜಿಯು ವಜಾ ಆಯಿತು. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿದ್ದಾರೆ. ಮೇಜಿನ ಮೇಲೆ ಮಲಗಿದ ಕಡತವು ಯಾರಿಗೆ ಉಪಕಾರವನ್ನೂ ಯಾರಿಗೆ ಅಪಕಾರವನ್ನೂ ಮಾಡುತ್ತದೆಂಬುದನ್ನು ಅವರಿಗೆ ನಾವು ವಿವರಿಸಬೇಕಾಗಿಲ್ಲ.

ಕಾಲಕ್ಕೂ ಬೆಲೆಯುಂಟೆಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಯು 2017ರ ಜನವರಿ 19ರಂದು ಬ್ಯಾಂಕುಗಳಿಗೆ ಸಲ್ಲಬೇಕಾದುದು ಸುಮಾರು 6,203 ಕೋಟಿ ರೂಪಾಯಿಯೆಂದೂ, 2013ರ ಜೂನ್‌ನಿಂದ ಅದಕ್ಕೆ ನೂರಕ್ಕೆ ಹನ್ನೊಂದೂವರೆಯಂತೆ ವಾರ್ಷಿಕ ಬಡ್ಡಿಯೆಂದೂ ಗೊತ್ತುಮಾಡಿತು. ಸರಳ ಬಡ್ಡಿಯ ಲೆಕ್ಕದಲ್ಲಿಯೇ ಇದು ವರ್ಷಕ್ಕೆ ಸುಮಾರು 713 ಕೋಟಿ, ದಿನಕ್ಕೆ 1 ಕೋಟಿ 95 ಲಕ್ಷ. ಆಜ್ಞೆ ಹೊರಬಿದ್ದ ದಿನಕ್ಕಾಗಲೇ ಬಡ್ಡಿಯೇ 2,500 ಕೋಟಿಯನ್ನು ಮೀರಿತ್ತು. ವಿಳಂಬದ ಪ್ರತಿಯೊಂದು ದಿನವೂ ಸಾಲಗಾರನ ತಲೆಯ ಮೇಲೆ ಹೊರೆಯಾಗಿ, ಸಾಲ ಕೊಟ್ಟವನ ಕೈಯಲ್ಲಿ ಬರಿಯ ಅಂಕಿಯಾಗಿ ಉಳಿಯಿತು. ಇದರಿಂದ ಸುಖಪಟ್ಟವರು ಯಾರು?

ಬ್ಯಾಂಕುಗಳವರ ದೋಷವನ್ನು ಮುಚ್ಚಿಡುವುದೂ ತರವಲ್ಲ. ಸಣ್ಣವನು ಹಸು ಕೊಳ್ಳಲು ಸಾಲ ಕೇಳಿದರೆ ಪಹಣಿ, ಕಂದಾಯದ ರಸೀತಿ, ಇಬ್ಬರ ಸಾಕ್ಷಿ ಕೇಳುವ ಇವರು ಇಲ್ಲಿ ಒಂದು ಹೆಸರನ್ನೂ ಅದರ ಚಿಹ್ನೆಯನ್ನೂ ಒತ್ತೆಯಾಗಿ ಸ್ವೀಕರಿಸಿದರು. 2016ರ ಏಪ್ರಿಲಿನಲ್ಲಿ ಆ ಹೆಸರನ್ನು ಸುಮಾರು 367 ಕೋಟಿಯ ಕನಿಷ್ಠ ಬೆಲೆಗೆ ಹರಾಜಿಗಿಟ್ಟಾಗ ಸವಾಲು ಕೂಗುವವನೊಬ್ಬನೂ ಬರಲಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ 150 ಕೋಟಿಗೆ ಹರಾಜಿಗೆ ಬಂದ ಮುಂಬಯಿಯ ಕಚೇರಿಯ ಕಟ್ಟಡವು ಅನೇಕ ಹರಾಜುಗಳು ವ್ಯರ್ಥವಾದ ಮೇಲೆ 2021ರಲ್ಲಿ ಸುಮಾರು 52 ಕೋಟಿಗೆ ಹೋಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಹಣ ಕೈಬಿಟ್ಟ ಮೇಲೆ ಒತ್ತೆಯ ಬೆಲೆಯನ್ನು ಅಳೆಯಹೊರಟರೆ ಪ್ರಯೋಜನವೇನು? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆಯು ಸಾರ್ವಜನಿಕ ಬ್ಯಾಂಕುಗಳ ವಿಷಯದಲ್ಲಿ ನಿಜವಾಗಬಾರದು. ಏಕೆಂದರೆ ಅಲ್ಲಿ ಕೋಡಂಗಿಯಾಗುವವನು ಬ್ಯಾಂಕಿನ ಮ್ಯಾನೇಜರನಲ್ಲ, ಠೇವಣಿಯಿಟ್ಟ ಪ್ರಜೆ.

ಹಣವು ಕಡೆಗೂ ಬಂದಿತೆಂಬುದನ್ನು ಸಂತೋಷದಿಂದಲೇ ಹೇಳಬೇಕು. ಜಪ್ತಿಯಾದ ಷೇರುಗಳನ್ನು 2021ರ ಜೂನ್ 23ರಂದು ಮಾರಿದುದರಿಂದಲೇ 5,800 ಕೋಟಿಗೂ ಮಿಗಿಲಾಗಿ ದೊರೆಯಿತು. 14,131.6 ಕೋಟಿ ರೂಪಾಯಿ ಬೆಲೆಯ ಆಸ್ತಿಯನ್ನು ಸಾರ್ವಜನಿಕ ಬ್ಯಾಂಕುಗಳಿಗೆ ಹಿಂದಿರುಗಿಸಲಾಗಿದೆಯೆಂದು ಹಣಕಾಸಿನ ಸಚಿವರು 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದರು. ಇದನ್ನೇ ಹಿಡಿದು ಶ್ರೀ ಮಲ್ಯ ಅವರ ಪರವಾಗಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟಿಗೆ ಅರ್ಜಿಯೊಂದು ಬಂದಿತು. ಕೊಡಬೇಕಾದುದು 6,200 ಕೋಟಿ, ವಸೂಲಾದುದು 14,000 ಕೋಟಿ, ಆದುದರಿಂದ ಲೆಕ್ಕವನ್ನು ತೋರಿಸಿರಿ ಎಂಬುದು ಅದರ ಸಾರಾಂಶ. ಬ್ಯಾಂಕುಗಳಿಗೆ ನೋಟೀಸು ಹೋಯಿತು.

ಬಡ್ಡಿಯನ್ನು ಬಿಟ್ಟು ಅಸಲನ್ನು ಮಾತ್ರ ಹೇಳುವುದು ಪೂರ್ತಿ ಲೆಕ್ಕವಲ್ಲವೆಂಬುದನ್ನು ಮೇಲಿನ ಅಂಕಿಗಳಿಂದಲೇ ವಾಚಕರು ಕಂಡಿದ್ದಾರೆ. ಆದರೆ ಒಟ್ಟು ವಸೂಲನ್ನು ಮಾತ್ರ ಹೇಳಿ ಬಾಕಿಯನ್ನು ಹೇಳದಿರುವುದೂ ಪೂರ್ತಿ ಲೆಕ್ಕವಲ್ಲ. ಯಾವ ದಿನ ಎಷ್ಟು ಬಂದಿತು? ಬಂದುದರಲ್ಲಿ ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು ಜಮೆಯಾಯಿತು? ಖರ್ಚಿನ ಬಾಬು ಎಷ್ಟು? ಅಸಲಿಗೆ ಮುಂಚೆ ಜಮೆಯಾದರೆ ಬಡ್ಡಿ ಕರಗುತ್ತದೆ. ಬಡ್ಡಿಗೇ ಜಮೆಯಾದರೆ ಅಸಲು ನಿಂತೇ ಇರುತ್ತದೆ. ಈ ಒಂದು ಭೇದದಿಂದ ಸಾವಿರಾರು ಕೋಟಿಗಳ ಅಂತರವಾಗಬಹುದು. ಸಾಲಗಾರನು ಎಂತಹವನೇ ಆಗಿರಲಿ, ತನ್ನ ಖಾತೆಯ ಲೆಕ್ಕವನ್ನು ಕೇಳುವ ಹಕ್ಕು ಅವನಿಗುಂಟು. ಅವನು ಕೇಳದಿದ್ದರೂ ಕೇಳುವ ಹಕ್ಕು ಪ್ರಜೆಗಳಿಗುಂಟು. ಹೊಣೆಯ ವಿಷಯದಲ್ಲಿ ನ್ಯಾಯಾಲಯದ ಬಾಗಿಲು ಮುಚ್ಚಿದುದು ಧರ್ಮವೆಂದು ನಾವು ಹೇಳಿದೆವು. ಬ್ಯಾಂಕಿನ ಪುಸ್ತಕವು ತೆರೆದಿರಬೇಕಾದುದೂ ಅದೇ ಧರ್ಮದ ಮತ್ತೊಂದು ಭಾಗ.

ನೌಕರರ ವಿಷಯಕ್ಕೆ ಮತ್ತೆ ಬರೋಣ. 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಅವರು ಕೆಲಸ ಮಾಡಿದರು. ಕೊನೆಗೆ ಬೇರೆ ದಾರಿ ಕಾಣದೆ ಮುಷ್ಕರ ಹೂಡಿದರು. ಬ್ಯಾಂಕಿಗೆ ಒತ್ತೆಯುಂಟು, ಜಾಮೀನುಂಟು, ವಕೀಲರುಂಟು. ವಿಮಾನದ ಯಂತ್ರವನ್ನು ಒರಸಿ ಸರಿಪಡಿಸಿದವನಿಗೆ, ಟಿಕೆಟ್ಟಿನ ಕಿಟಕಿಯಲ್ಲಿ ಕುಳಿತವಳಿಗೆ ಇದ್ದುದು ತಿಂಗಳ ಕೊನೆಯ ನಂಬಿಕೆಯೊಂದೇ. ಅವರು ಯಾರ ಜಾಮೀನುಪತ್ರವನ್ನೂ ಬರೆಯಿಸಿಕೊಂಡಿರಲಿಲ್ಲ. 2016ರ ದಿವಾಳಿ ಸಂಹಿತೆಯು ಕಾರ್ಮಿಕರ 24 ತಿಂಗಳ ಬಾಕಿಯನ್ನು ಒತ್ತೆಯುಳ್ಳ ಸಾಲಗಾರರಿಗೆ ಸಮಾನವಾದ ಸ್ಥಾನದಲ್ಲಿಟ್ಟಿದೆ. ಇದು ಒಳ್ಳೆಯದು. ಆದರೆ ಕಾರ್ಮಿಕರೆಂಬ ಕಾಯಿದೆಯ ವ್ಯಾಖ್ಯೆಗೆ ಸೇರದ ಇತರ ನೌಕರರಿಗೆ 12 ತಿಂಗಳ ಬಾಕಿಯನ್ನು ಮಾತ್ರ, ಅದೂ ಅವರೆಲ್ಲರ ನಂತರ ಎಂದು ಹೇಳಿದೆ. ಸ್ಥಾನ ಯಾವುದಾದರೂ, ಕೈಗೆ ಬರುವುದು ಹದಿಮೂರು ವರ್ಷಗಳ ಮೇಲೆ ಎಂದಾದರೆ ಆ ಸ್ಥಾನದಿಂದ ಆಗುವ ಉಪಯೋಗವು ಅತ್ಯಲ್ಪ. ಅಷ್ಟರಲ್ಲಿ ಮನೆಯ ಬಾಡಿಗೆ, ಮಕ್ಕಳ ಫೀಜು, ತಾಯಿತಂದೆಗಳ ಔಷಧ, ಇವಾವುವೂ ಲಿಕ್ವಿಡೇಟರ ಆಜ್ಞೆಗಾಗಿ ಕಾದಿರುವುದಿಲ್ಲ.

ಆದುದರಿಂದ ನಮ್ಮ ವಿಜ್ಞಾಪನೆಯು ಮೂರು ಬಗೆಯದು. ಒಂದು ಕಂಪೆನಿಯು ಮುಚ್ಚಿದರೆ ಅದರ ನೌಕರರ ಕನಿಷ್ಠ ಬಾಕಿಯನ್ನು, ಉಳಿದ ವ್ಯಾಜ್ಯಗಳ ಮುಕ್ತಾಯಕ್ಕಾಗಿ ಕಾಯಿಸದೆ, ವಶಪಡಿಸಿಕೊಂಡ ಆಸ್ತಿಯಿಂದ ಮೊದಲ ವರ್ಷದಲ್ಲಿಯೇ ಕೊಡುವಂತೆ ಶಾಸನವಾಗಬೇಕು. ಎರಡನೆಯದಾಗಿ, ಸಾರ್ವಜನಿಕ ಬ್ಯಾಂಕುಗಳು ಇಂತಹ ಭಾರಿ ಸಾಲಗಳ ವಸೂಲಿಯ ಲೆಕ್ಕವನ್ನು, ಅಸಲು, ಬಡ್ಡಿ, ಖರ್ಚು ಎಂದು ವಿಂಗಡಿಸಿ, ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಮೂರನೆಯದಾಗಿ, ಜಾಮೀನು ಕೊಟ್ಟವರ ಮೇಲೆ ಕ್ರಮ ಜರುಗಿಸುವಲ್ಲಿ ದೊಡ್ಡವರು ಚಿಕ್ಕವರೆಂಬ ಭೇದವು ಕಾಲದ ವಿಷಯದಲ್ಲಿಯೂ ಇರಕೂಡದು. ಕಂಪೆನಿಯು ದಿವಾಳಿಯ ವ್ಯವಸ್ಥೆಗೆ ಒಳಗಾದ ಮಾತ್ರಕ್ಕೆ ಸ್ವಂತ ಜಾಮೀನು ಕೊಟ್ಟವನು ಹೊಣೆಯಿಂದ ಬಿಡುಗಡೆ ಹೊಂದುವುದಿಲ್ಲವೆಂದು ಸುಪ್ರೀಂ ಕೋರ್ಟು 2021ರ ಮೇ 21ರಂದು ಸ್ಪಷ್ಟಪಡಿಸಿರುವುದರಿಂದ ಕಾಯಿದೆಯ ಬಲವು ಬ್ಯಾಂಕುಗಳಿಗೆ ಸಾಕಷ್ಟಿದೆ. ಕೊರತೆಯಿರುವುದು ಅದನ್ನು ನಡೆಸುವವರ ಸಂಕಲ್ಪದಲ್ಲಿ.

ಸೋಲದೇವನಹಳ್ಳಿಯ ಮನುಷ್ಯನು ಜಾಮೀನುಪತ್ರಕ್ಕೆ ರುಜು ಹಾಕುವಾಗ ಅವನ ಕೈ ಒಂದು ಕ್ಷಣ ತಡೆಯುತ್ತದೆ. ತನ್ನ ಮನೆಯನ್ನೂ ಮಕ್ಕಳನ್ನೂ ನೆನೆದು ಅವನು ಅಕ್ಷರವನ್ನು ಬರೆಯುತ್ತಾನೆ. ದೊಡ್ಡ ಕಂಪೆನಿಗಳ ನಿರ್ದೇಶಕರ ಕೈಯೂ ಹಾಗೆಯೇ ಒಂದು ಕ್ಷಣ ತಡೆಯುವಂತಾದರೆ ಈ ದೀರ್ಘ ವ್ಯಾಜ್ಯದಿಂದ ದೇಶಕ್ಕೆ ಸ್ವಲ್ಪವಾದರೂ ಲಾಭವಾಯಿತೆಂದು ನಾವು ತಿಳಿಯುವೆವು.